ರುಜು ಹಾಕುವ ಮುನ್ನ

ಹುಣಸಮಾರನಹಳ್ಳಿಯಲ್ಲಿರುವ ನಮ್ಮ ಸಂಘದ ಕಾಫಿಪುಡಿ ಡಿಪೋದ ಖರ್ಚಿನ ಪಟ್ಟಿಯನ್ನು ಕಳೆದ ತಿಂಗಳು ಪರಿಶೀಲಿಸುತ್ತಿದ್ದಾಗ ಒಂದು ಸಣ್ಣ ಬಾಬ್ತು ನಮ್ಮ ಗಮನ ಸೆಳೆಯಿತು. ಡಿಪೋದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಗಳ ಅಂಗಡಿಗಳಿಗೆ ಪುಡಿ ಸಾಗಿಸುವ ವ್ಯಾನು ಸಾದಹಳ್ಳಿಯ ಟೋಲ್ ಗೇಟಿನಲ್ಲಿ ತೆತ್ತ ಹಣ ಅದು. ಮೊತ್ತ ದೊಡ್ಡದೇನೂ ಅಲ್ಲ. ಆದರೆ ಈ ದರವನ್ನು ಯಾರು ಗೊತ್ತು ಮಾಡಿದರು, ಇದು ಎಲ್ಲಿಯವರೆಗೆ ನಡೆಯುತ್ತದೆ ಎಂದು ಆ ಗೇಟಿನಲ್ಲಿ ಕುಳಿತ ಹುಡುಗನನ್ನು ಕೇಳಿದರೆ ಅವನಾದರೂ ಏನು ಹೇಳಿಯಾನು? ಉತ್ತರವಿರುವುದು ವರ್ಷಗಳ ಹಿಂದೆ ಸರ್ಕಾರಿ ಸಂಸ್ಥೆಯೊಂದು ಖಾಸಗಿ ಕಂಪೆನಿಯೊಂದರ ಜೊತೆ ಕುಳಿತು ರುಜು ಹಾಕಿದ ಕರಾರಿನಲ್ಲಿ. ಆ ಮೇಜಿನ ಬಳಿ ನಾವಾಗಲಿ ನೀವಾಗಲಿ ಇರಲಿಲ್ಲ. ಹಣ ಕೊಡುವವರು ಮಾತ್ರ ನಾವು.

ಕಾಫಿ, ಅಡಿಕೆಯ ಪತ್ರಿಕೆಯಲ್ಲಿ ಬೆಂಗಳೂರಿನ ರಸ್ತೆಯ ಮಾತೇಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣ ಎರಡು. ಹೆಬ್ಬಾಳದಿಂದ ದೇವನಹಳ್ಳಿಯತ್ತ ಹೋಗುವ ಈ ಬಳ್ಳಾರಿ ರಸ್ತೆಯ ಮೇಲೆ ಕಳೆದ ಎರಡು ದಶಕಗಳಲ್ಲಿ ಸರ್ಕಾರವು ಹೊರಗಿನ ಕಂಪೆನಿಗಳೊಡನೆ ಮಾಡಿಕೊಂಡ, ಇಲ್ಲವೆ ಮಾಡಿಕೊಳ್ಳಹೊರಟ ಕರಾರುಗಳು ಒಂದು ಒಳ್ಳೆಯ ಪಾಠಶಾಲೆಯಂತಿವೆ. ಇದು ಮೊದಲನೆಯದು. ಎರಡನೆಯದಾಗಿ, ನಮ್ಮ ಸಂಘವೇ ಅಂಥದೊಂದು ಕರಾರಿನ ಹೊಸ್ತಿಲಲ್ಲಿ ನಿಂತಿದೆ. ಅದನ್ನು ಮುಂದಿನ ಸರ್ವಸದಸ್ಯರ ಸಭೆಯೇ ತೀರ್ಮಾನಿಸಬೇಕಾಗಿದೆ. ಅದಕ್ಕೆ ಮುನ್ನ ನಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಸದಸ್ಯರ ಮುಂದಿಡುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ವಿಮಾನ ನಿಲ್ದಾಣದ ಕರಾರು

ನಮ್ಮ ಡಿಪೋದಿಂದ ಕೆಲವೇ ಮೈಲಿ ದೂರದಲ್ಲಿರುವ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಕಥೆಯನ್ನು ಮೊದಲು ನೋಡೋಣ. ದೇವನಹಳ್ಳಿಯ ಬಳಿ ಹೊಸ ನಿಲ್ದಾಣ ಬೇಕೆಂಬ ಸಲಹೆ ಬಂದದ್ದು 1991ರಲ್ಲಿ. 1995ರ ಡಿಸೆಂಬರಿನಲ್ಲಿ ಟಾಟಾ, ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದ ಕೂಟವು ರಾಜ್ಯ ಸರ್ಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಅನುಮತಿಗಳು ಮೇಜಿನಿಂದ ಮೇಜಿಗೆ ಅಲೆದವು. ಹಳೆಯ ಎಚ್‌ಎಎಲ್ ನಿಲ್ದಾಣವನ್ನು ಏನು ಮಾಡಬೇಕೆಂಬುದು ಇತ್ಯರ್ಥವಾಗಲಿಲ್ಲ. 1998ರ ಜೂನ್‌ನಲ್ಲಿ ಆ ಕೂಟ ಕೈತೊಳೆದುಕೊಂಡು ಹೋಯಿತು. ಅನಂತರ 2001ರಲ್ಲಿ ಮತ್ತೆ ಪಾಲುದಾರರ ಹುಡುಕಾಟ ನಡೆದು ಸೀಮೆನ್ಸ್, ಜ್ಯೂರಿಕ್ ವಿಮಾನ ನಿಲ್ದಾಣ, ಲಾರ್ಸನ್ ಅಂಡ್ ಟೂಬ್ರೊ ಇವರ ಕೂಟ ಆಯ್ಕೆಯಾಯಿತು. ಕರಾರಿಗೆ ರುಜು ಬಿದ್ದದ್ದು 2004ರ ಜುಲೈನಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಪಾಲುದಾರರನ್ನು ಆರಿಸಿದ್ದು ಸ್ಪರ್ಧೆಯ ಮೂಲಕವೇ. ಆದರೆ ಆರಿಸಿದ ಮೇಲೆ ಷರತ್ತುಗಳ ಮಾತುಕತೆ ಹೆಚ್ಚುಕಡಿಮೆ ಮೂರು ವರ್ಷ ನಡೆಯಿತು. ಆ ಮೂರು ವರ್ಷ ಸರ್ಕಾರದ ಎದುರಿಗಿದ್ದವರು ಒಬ್ಬರೇ. ಒಮ್ಮೆ ಕೂಟವೊಂದು ಬಿಟ್ಟುಹೋದ ನೆನಪು ಇನ್ನೂ ಹಸಿಯಾಗಿತ್ತು. ಇವರೂ ಎದ್ದು ಹೋದರೆ ಗತಿಯೇನು ಎಂಬ ಅಳುಕು ಇರುವವನು ಚೌಕಾಸಿ ಮಾಡುವುದು ಹೇಗೆ? ಸಂತೆಯಲ್ಲಿ ಎತ್ತು ಕೊಳ್ಳಲು ಹೋದವನು ಮನೆಯ ಎತ್ತು ಸತ್ತಿದೆ ಎಂದು ಮೊದಲೇ ಹೇಳಿಬಿಟ್ಟಂತೆ.

ಕರಾರಿನ ಮುಖ್ಯ ಷರತ್ತುಗಳು ಎಲ್ಲರಿಗೂ ತಿಳಿದವೇ. ರಾಜ್ಯ ಸರ್ಕಾರದ ಸಂಸ್ಥೆಗೆ ಶೇ. 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ. 13, ಉಳಿದ ಶೇ. 74 ಖಾಸಗಿ ಪಾಲುದಾರರಿಗೆ. ನಿಲ್ದಾಣದ ಒಟ್ಟು ವರಮಾನದಲ್ಲಿ ಶೇ. 4ರಷ್ಟು ಸರ್ಕಾರಕ್ಕೆ ಸಲ್ಲಬೇಕು, ಅದೂ ಮೊದಲ ಹತ್ತು ವರ್ಷದ್ದನ್ನು ಮುಂದೂಡಿ ಆಮೇಲೆ ಕಂತುಗಳಲ್ಲಿ ಕೊಟ್ಟರೆ ಸಾಕು. ರಾಜ್ಯ ಸರ್ಕಾರ ಕೊಟ್ಟದ್ದು 350 ಕೋಟಿ ರೂಪಾಯಿ ಬಡ್ಡಿಯಿಲ್ಲದ ಸಾಲ ಮತ್ತು ಸುಮಾರು 4 ಸಾವಿರ ಎಕರೆ ನೆಲ. ಕರಾರಿನ ಅವಧಿ 30 ವರ್ಷ, ಕಂಪೆನಿ ಬಯಸಿದರೆ ಇನ್ನೂ 30.

ಇದನ್ನು ಎರಡು ವರ್ಷದ ಅನಂತರ ನಡೆದುದರ ಜೊತೆ ಹೋಲಿಸುವವರಿದ್ದಾರೆ. 2006ರಲ್ಲಿ ದೆಹಲಿ ನಿಲ್ದಾಣವನ್ನು ವಹಿಸಿಕೊಂಡ ಕಂಪೆನಿ ವರಮಾನದಲ್ಲಿ ಶೇ. 45.99, ಮುಂಬಯಿಯದನ್ನು ವಹಿಸಿಕೊಂಡದ್ದು ಶೇ. 38.7 ಕೊಡಲು ಒಪ್ಪಿದವು. ಎಲ್ಲಿ 4, ಎಲ್ಲಿ 46! ಆದರೆ ಈ ಹೋಲಿಕೆ ಪೂರಾ ನ್ಯಾಯವಲ್ಲ. ಅವು ಆಗಲೇ ಓಡುತ್ತಿದ್ದ, ದುಡಿಯುತ್ತಿದ್ದ ನಿಲ್ದಾಣಗಳು. ನಮ್ಮದು ಬರೀ ಬಯಲು. ಫಸಲು ಬಿಡುತ್ತಿರುವ ತೋಟದ ಗುತ್ತಿಗೆಗೂ, ಸಸಿ ನೆಟ್ಟು ಬೆಳೆಸಿಕೊಳ್ಳಬೇಕಾದ ಖಾಲಿ ನೆಲದ ಗುತ್ತಿಗೆಗೂ ಒಂದೇ ದರ ಕೇಳಲಾದೀತೆ? ಆದುದರಿಂದ ಶೇ. 4 ಎಂಬ ಸಂಖ್ಯೆಯ ಮೇಲೆ ನಾವು ಕಲ್ಲು ಎಸೆಯುವುದಿಲ್ಲ.

ನಮ್ಮ ಆಕ್ಷೇಪ ಬೇರೆಯದು. ಕರಾರಿನಲ್ಲಿ ರೂಪಾಯಿಯ ಕಾಲಮಿನಲ್ಲಿ ಬರೆಯದ ಒಂದು ಷರತ್ತಿತ್ತು. ಮೈಸೂರು, ಹಾಸನಗಳನ್ನು ಬಿಟ್ಟರೆ, ಹೊಸ ನಿಲ್ದಾಣದಿಂದ 150 ಕಿಲೋಮೀಟರ್ ಒಳಗೆ 25 ವರ್ಷ ಇನ್ನೊಂದು ಪೈಪೋಟಿಯ ನಿಲ್ದಾಣ ಬರಕೂಡದು ಎಂಬುದು ಅದು. 2008ರ ಮೇ 24ರಂದು ಹೊಸ ನಿಲ್ದಾಣ ತೆರೆಯಿತು, ಎಚ್‌ಎಎಲ್ ನಿಲ್ದಾಣ ಸಾರ್ವಜನಿಕ ವಿಮಾನಗಳಿಗೆ ಮುಚ್ಚಿತು. ಮುಚ್ಚಬೇಡಿ ಎಂದು ಆಗ ಊರಿಗೂರೇ ಕೂಗಿತು, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆದರೆ ರುಜು ಹಾಕಿ ನಾಲ್ಕು ವರ್ಷವಾಗಿತ್ತು. ಅಟ್ಟ ಮೇಲೆ ಒಲೆ ಉರಿದರೆ ಏನು ಫಲ? ಆ ಷರತ್ತಿನ ಗಡುವು 2033ರವರೆಗಿದೆ. 2025ರಲ್ಲಿ ಎರಡನೆಯ ನಿಲ್ದಾಣಕ್ಕೆಂದು ಕನಕಪುರ ರಸ್ತೆ, ನೆಲಮಂಗಲದ ಕಡೆ ಜಾಗ ನೋಡುವಾಗಲೂ ಈ ಗಡುವನ್ನು ಕೈಯಲ್ಲಿ ಹಿಡಿದೇ ಲೆಕ್ಕ ಹಾಕಬೇಕಾಯಿತು.

ಇನ್ನೂ ಒಂದು ಮಾತು. ಮೊದಲು ನಿಲ್ದಾಣವನ್ನು ವರ್ಷಕ್ಕೆ 45 ಲಕ್ಷ ಪ್ರಯಾಣಿಕರಿಗೆಂದು ಯೋಜಿಸಿದ್ದರು. ಪ್ರಯಾಣಿಕರ ಲೆಕ್ಕ ಮತ್ತೆ ತೆಗೆಸಿದಾಗ ಅದು ಏನೇನೂ ಸಾಲದೆಂದು ತಿಳಿದು, ಇನ್ನೂ ಹೆಚ್ಚು ಪ್ರಯಾಣಿಕರಿಗೆಂದು ನಕ್ಷೆ ಬದಲಾಯಿತು, ವೆಚ್ಚವೂ ಏರಿತು. ನಕ್ಷೆ ಬದಲಾದಲ್ಲೆಲ್ಲ ವೆಚ್ಚ ಏರುವುದು ಪ್ರಕೃತಿ ನಿಯಮದಷ್ಟೇ ನಿಶ್ಚಿತ. ಅಂದು ಕರಾರಿಗೆ ರುಜು ಹಾಕಿದ ಪಾಲುದಾರರಲ್ಲಿ ಒಬ್ಬೊಬ್ಬರೇ ಪಾಲು ಮಾರಿದರು. 2017ರಲ್ಲಿ ದೊಡ್ಡ ಪಾಲು ಕೆನಡಾದ ಫೇರ್‌ಫ್ಯಾಕ್ಸ್ ಕಂಪೆನಿಯ ಕೈಸೇರಿತು. ಮನುಷ್ಯರು ಬದಲಾದರು, ಕಾಗದ ಬದಲಾಗಲಿಲ್ಲ. ಎದುರಿಗೆ ಕುಳಿತವನು ಸಜ್ಜನ ಎಂಬ ಭರವಸೆಯ ಮೇಲೆ ಷರತ್ತು ಸಡಿಲಿಸುವವರು ಇದನ್ನು ನೆನಪಿಡಬೇಕು. ಸಜ್ಜನ ನಾಳೆ ಮಾರಿ ಹೋಗುತ್ತಾನೆ. ಅವನ ಜಾಗಕ್ಕೆ ಬರುವವನ ಕೈಯಲ್ಲಿರುವುದು ಕಾಗದ ಮಾತ್ರ.

ಹೆಚ್ಚಿನ ದರ ಕೂಗಿಸಿದರೆ ಸಾಲದು

ಹಾಗಾದರೆ ದೆಹಲಿಯಂತೆ ಹರಾಜು ಕೂಗಿಸಿಬಿಟ್ಟರೆ ಎಲ್ಲ ಸರಿಹೋಯಿತೇ? ಅದೂ ಇಲ್ಲ. 2012ರಲ್ಲಿ ಭಾರತದ ಮಹಾಲೇಖಪಾಲರು ದೆಹಲಿ ನಿಲ್ದಾಣದ ಬಗ್ಗೆ ಸಂಸತ್ತಿಗೆ ಒಪ್ಪಿಸಿದ ವರದಿಯನ್ನು ಓದಿದವರಿಗೆ ಗೊತ್ತು. ಟೆಂಡರಿನ ಕಾಲದಲ್ಲಿ ಕಾಣದಿದ್ದ ಅಭಿವೃದ್ಧಿ ಶುಲ್ಕವೆಂಬುದನ್ನು ಪ್ರಯಾಣಿಕರಿಂದ ವಸೂಲು ಮಾಡಲು ಕಂಪೆನಿಗೆ ಆಮೇಲೆ ಅವಕಾಶ ಕೊಡಲಾಯಿತೆಂದೂ, ಅದರ ಮೊತ್ತ 3,415 ಕೋಟಿ ರೂಪಾಯಿಯೆಂದೂ ಆ ವರದಿ ಆಕ್ಷೇಪಿಸಿತು. ಹರಾಜಿನಲ್ಲಿ ಎತ್ತರದ ದರ ಕೂಗಿ ಗೆದ್ದವನಿಗೆ ಹಿಂಬಾಗಿಲಿನಿಂದ ಬೇರೆ ಆದಾಯ ತೋರಿಸಿದರೆ, ಆ ಕೂಗಿಗೆ ಬೆಲೆಯೇನುಳಿಯಿತು? ಸೋತವನಿಗೆ ಈ ಬಾಗಿಲು ಇದೆಯೆಂದು ಮೊದಲೇ ತಿಳಿದಿದ್ದರೆ ಅವನೂ ಹೆಚ್ಚು ಕೂಗುತ್ತಿರಲಿಲ್ಲವೇ?

ಬಳ್ಳಾರಿ ರಸ್ತೆಗೇ ಮರಳೋಣ. 2016ರಲ್ಲಿ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಸುಮಾರು 6.7 ಕಿಲೋಮೀಟರಿನ ಉಕ್ಕಿನ ಮೇಲುಸೇತುವೆ ಕಟ್ಟುವ ತೀರ್ಮಾನವಾಯಿತು. ಮೊದಲು ಸುಮಾರು 1,350 ಕೋಟಿ ಎಂದಿದ್ದ ವೆಚ್ಚ ಸಚಿವ ಸಂಪುಟ ಒಪ್ಪಿಗೆ ಕೊಡುವ ಹೊತ್ತಿಗೆ 1,791 ಕೋಟಿಗೆ ಏರಿತ್ತು. ಒಂದು ಕಂಬವೂ ನೆಲದಿಂದ ಮೇಲೇಳುವ ಮೊದಲೇ 441 ಕೋಟಿ, ಅಂದರೆ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಏರಿಕೆ. ತೆರಿಗೆ, ಬೆಲೆಯೇರಿಕೆ ಎಂದು ಕಾರಣಗಳನ್ನು ಕೊಟ್ಟರು. ಆದರೆ ಆ ವರ್ಷದ ಅಕ್ಟೋಬರ್ 16ರಂದು ಸಾವಿರಾರು ನಾಗರಿಕರು ಕೈಕೈ ಹಿಡಿದು ರಸ್ತೆಯುದ್ದಕ್ಕೂ ನಿಂತರು. ಮರಗಳ ಪ್ರಶ್ನೆಯೊಂದಿಗೆ ಹಣದ ಪ್ರಶ್ನೆಯನ್ನೂ ಕೇಳಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಈ ರಸ್ತೆಯ ಕಥೆಯಲ್ಲಿ ಕೆಲಸ ಶುರುವಾಗುವ ಮುನ್ನವೇ ಲೆಕ್ಕ ಕೇಳಿದ್ದು ಫಲಿಸಿದ ಸಂದರ್ಭ ಇದೊಂದೇ ಎಂದು ನಮಗೆ ತೋರುತ್ತದೆ. ಅದೇ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ 2025ರಲ್ಲಿ ಟೆಂಡರು ಕರೆದಾಗಲೂ, ಬಂದ ದರಗಳು 17 ಸಾವಿರ ಕೋಟಿ ಮೀರಿದ ಅಂದಾಜಿಗಿಂತಲೂ ಬಹಳ ಮೇಲಿದ್ದವೆಂದು ಪತ್ರಿಕೆಗಳಲ್ಲಿ ಓದಿದೆವು.

ಕಾಯಿದೆ ಏನು ಮಾಡಿದೆ, ಏನು ಮಾಡಲಾರದು

ಇದಕ್ಕೆಲ್ಲ ಕಾಯಿದೆ ಇಲ್ಲವೇ ಎಂದರೆ, ಇದೆ. ಕರಾವಳಿಯ ಹಿರಿಯ ಸದಸ್ಯರಿಗೆ ನಂದಿಕೂರಿನ ಕೊಜೆಂಟ್ರಿಕ್ಸ್ ವಿದ್ಯುತ್ ಯೋಜನೆ ನೆನಪಿರಬಹುದು. 1,000 ಮೆಗಾವಾಟಿನ ಆ ಯೋಜನೆ 1992ರಲ್ಲಿ ಬಂದದ್ದು ಸ್ಪರ್ಧೆಯ ಟೆಂಡರಿನಿಂದಲ್ಲ, ಒಡಂಬಡಿಕೆಯಿಂದ. ವಿದ್ಯುತ್ತಿನ ದರ, ಸರ್ಕಾರದ ಖಾತರಿ, ಪರಿಸರ ಎಂದು ವರ್ಷಗಟ್ಟಲೆ ವಾದವಿವಾದ, ಮೊಕದ್ದಮೆ ನಡೆದು, 1999ರ ಡಿಸೆಂಬರಿನಲ್ಲಿ ಕಂಪೆನಿಯೇ ಹಿಂದೆ ಸರಿಯಿತು. ಮಹಾರಾಷ್ಟ್ರದಲ್ಲಿ ಎನ್ರಾನ್ ಕಂಪೆನಿಯ ದಾಭೋಳ್ ಯೋಜನೆಯೂ ಇದೇ ಒಡಂಬಡಿಕೆಯ ದಾರಿಯಲ್ಲಿ ಬಂದು, 2001ರಲ್ಲಿ ಅಲ್ಲಿನ ವಿದ್ಯುಚ್ಛಕ್ತಿ ಮಂಡಳಿ ದುಬಾರಿ ವಿದ್ಯುತ್ತನ್ನು ಕೊಳ್ಳುವುದನ್ನೇ ನಿಲ್ಲಿಸಿದ್ದು ಎಲ್ಲರಿಗೂ ವಿದಿತ.

ಇಂಥ ಅನುಭವಗಳ ಕಾಲದಲ್ಲೇ ಕರ್ನಾಟಕವು 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯಿದೆಯನ್ನು ತಂದಿತು. ಅದು 2000ದ ಅಕ್ಟೋಬರಿನಿಂದ ಜಾರಿಗೆ ಬಂದಿತು. ಸರ್ಕಾರಿ ಸಂಸ್ಥೆಗಳು ಟೆಂಡರು ಕರೆಯದೆ ಕೊಳ್ಳುವಂತಿಲ್ಲವೆಂದಾಯಿತು. ಆಗ ರೂಪಿಸಿದ ನಿಯಮಗಳು, 2 ಕೋಟಿಯವರೆಗಿನ ಕೆಲಸಕ್ಕೆ ಕನಿಷ್ಠ 30 ದಿನ, ಅದರ ಮೇಲಿನದಕ್ಕೆ 60 ದಿನ ಕಾಲಾವಕಾಶ ಕೊಡಬೇಕೆಂದೂ, ಕಡಿಮೆ ಮಾಡುವುದಾದರೆ ಮೇಲಧಿಕಾರಿಯು ಕಾರಣ ಬರೆದಿಡಬೇಕೆಂದೂ ಹೇಳಿದವು. ಕೇಂದ್ರ ಜಾಗೃತ ಆಯೋಗವು 1998ರಲ್ಲಿ, ಟೆಂಡರು ತೆರೆದ ಮೇಲೆ ಅತಿ ಕಡಿಮೆ ದರದವನನ್ನು ಬಿಟ್ಟು ಬೇರೆಯವರೊಡನೆ ಚೌಕಾಸಿ ಕೂಡದೆಂದು ಕೇಂದ್ರದ ಸಂಸ್ಥೆಗಳಿಗೆ ತಾಕೀತು ಮಾಡಿತ್ತು. 2007ರಲ್ಲಿ ಇನ್ನೂ ಬಿಗಿಮಾಡಿ, ಅವನೊಡನೆಯೂ ಅಪರೂಪದ ಸಂದರ್ಭದಲ್ಲಿ ಮಾತ್ರ ಎಂದಿತು. ಚೌಕಾಸಿಯೇ ಬೇಡವೆಂದರೆ ದರ ಇಳಿಯುವುದು ಹೇಗೆ ಎಂದು ಕೆಲವರಿಗೆ ಅನ್ನಿಸಬಹುದು. ಆದರೆ ಆಮೇಲೆ ಚೌಕಾಸಿ ಇದೆಯೆಂದು ಗೊತ್ತಿದ್ದವನು ಅದಕ್ಕೆಂದೇ ದರದಲ್ಲಿ ಜಾಗ ಇಟ್ಟುಕೊಂಡು ಬರುತ್ತಾನೆ. ಸೀರೆ ಅಂಗಡಿಯಲ್ಲಿ ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರುವ ಸತ್ಯವಿದು.

ಆದರೆ ಕಾಯಿದೆಗೂ ಮಿತಿಯಿದೆ. ಅದೇ ಕಾಯಿದೆಯ 4ನೆಯ ಕಲಮಿನ (ಜಿ) ಉಪಕಲಮು ಸರ್ಕಾರ ಬಯಸಿದಲ್ಲಿ ವಿನಾಯಿತಿ ಕೊಡಲು ಅವಕಾಶ ಮಾಡಿದೆ. 'ಫೋರ್ ಜಿ' ಎಂಬ ಮಾತು ಕಚೇರಿಗಳಲ್ಲಿ ಅಷ್ಟು ಬಳಕೆಗೆ ಬಂದಿದೆಯೆಂದರೆ ಅದು ಎಷ್ಟು ಸಲ ಬಳಕೆಯಾಗಿದೆಯೆಂದು ಊಹಿಸಬಹುದು. ಅದಕ್ಕಿಂತ ಮುಖ್ಯವಾಗಿ, ಕಾಯಿದೆಯು ಟೆಂಡರು ಕರೆಯುವ ಕ್ರಮವನ್ನು ಹೇಳಬಲ್ಲದೇ ಹೊರತು, ಏನು ಬೇಕು, ಎಷ್ಟು ಬೇಕು, ಎಷ್ಟಕ್ಕೆ ಆಗಬಹುದು ಎಂಬ ವಿವೇಕವನ್ನು ಕೊಡಲಾರದು. ಅಧಿಕಾರಿ ಒಂದೆರಡು ವರ್ಷಕ್ಕೆ ವರ್ಗವಾಗಿ ಹೋಗುತ್ತಾನೆ. ಕಂಪೆನಿಯ ವಕೀಲ ಅಲ್ಲೇ ಇರುತ್ತಾನೆ. ಹಿಂದಿನ ಸಭೆಯಲ್ಲಿ ಯಾರು ಏನೆಂದರು ಎಂಬುದು ಒಬ್ಬನಿಗೆ ಕಡತದಲ್ಲಿ, ಇನ್ನೊಬ್ಬನಿಗೆ ತಲೆಯಲ್ಲಿ. ಯಾರ ಕೈ ಮೇಲಾಗುತ್ತದೆಂದು ಹೇಳಬೇಕಿಲ್ಲ.

ನಮಗೆ ಗೊತ್ತಿರುವ ವಿದ್ಯೆ

ಈ ವಿದ್ಯೆ ಬೆಳೆಗಾರರಿಗೆ ಹೊಸದಲ್ಲ. ಅಡಿಕೆಯನ್ನು ಚೇಣಿಗೆ ಕೊಡುವ ಯಜಮಾನ ಮೊದಲು ತಾನೇ ತೋಟ ಸುತ್ತುತ್ತಾನೆ. ಗೊನೆ ಎಣಿಸುತ್ತಾನೆ, ಕೊಳೆ ಎಷ್ಟು ತಗಲಿದೆ ನೋಡುತ್ತಾನೆ, ಕಳೆದ ವರ್ಷದ ಕ್ವಿಂಟಾಲು ಎಷ್ಟೆಂದು ಪುಸ್ತಕ ತೆಗೆಯುತ್ತಾನೆ. ಆಮೇಲೆ ಚೇಣಿದಾರನನ್ನು ಕರೆಯುತ್ತಾನೆ. ಚೇಣಿದಾರನ ಎಣಿಕೆಯನ್ನೇ ನಂಬಿ ತೋಟ ಬಿಟ್ಟುಕೊಟ್ಟವನನ್ನು ಊರು ಏನೆನ್ನುತ್ತದೆ? 'ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ' ಎಂದು ನಗುತ್ತದೆ.

ಇನ್ನೊಂದು ದಾರಿ ಇದ್ದವನಿಗೆ ಮಾತ್ರ 'ಬೇಡ' ಎನ್ನುವ ಶಕ್ತಿಯಿರುತ್ತದೆ ಎಂಬುದನ್ನೂ ನಮ್ಮವರು ಕಷ್ಟದಿಂದಲೇ ಕಲಿತರು. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದಾಗ ವ್ಯಾಪಾರಿ ಹೇಳಿದ್ದೇ ದರವಾಗಿತ್ತು. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಹುಟ್ಟಿ ಇನ್ನೊಂದು ಬಾಗಿಲು ತೆರೆಯಿತು. ಕೊಕ್ಕೊದ ವಿಷಯದಲ್ಲಿಯೂ ಹಾಗೆಯೇ. ಬೆಳೆಯಿರಿ, ಕೊಳ್ಳುತ್ತೇವೆ ಎಂಬ ಮಾತು ನಂಬಿ ತೋಟದ ನಡುವೆ ಕೊಕ್ಕೊ ನೆಟ್ಟವರು, 1980ರ ಸುಮಾರಿಗೆ ಬೆಲೆ ಬಿದ್ದು ಕೊಳ್ಳುವವರು ಹಿಂದೆ ಸರಿದಾಗ, ಕಾಯಿ ಮರದಲ್ಲೇ ಕೊಳೆಯುವುದನ್ನು ನೋಡಬೇಕಾಯಿತು. ಕ್ಯಾಂಪ್ಕೊ ಕೊಳ್ಳಲು ಮುಂದೆ ಬಂದಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಸ್ಥಾಪಿಸಿತು. ಆ ಬಾಗಿಲು ಮುಚ್ಚದಂತೆ ನೋಡಿಕೊಂಡದ್ದೇ ನಮ್ಮ ಚೌಕಾಸಿಯ ಬಲ. ಸರ್ಕಾರ ಎಚ್‌ಎಎಲ್ ನಿಲ್ದಾಣದ ವಿಷಯದಲ್ಲಿ ಬಿಟ್ಟುಕೊಟ್ಟದ್ದು ಇಂಥದೇ ಬಾಗಿಲನ್ನು.

ಹಾಗೆಂದು ನಾವು ಬುದ್ಧಿವಂತರೇನೂ ಅಲ್ಲ. ನಮ್ಮ ಸಂಘವೇ ಎಡವಿದ ಪ್ರಸಂಗವನ್ನು ಇಲ್ಲಿ ಹೇಳದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಕೆಲವು ವರ್ಷಗಳ ಹಿಂದೆ ಕಾಫಿ ಒಣಗಿಸುವ ಕಣ ಮತ್ತು ಅದಕ್ಕೆ ಹೊಂದಿದ ಶೆಡ್ಡಿನ ಕೆಲಸಕ್ಕೆ ಟೆಂಡರು ಕರೆದೆವು. ಅತಿ ಕಡಿಮೆಯ ದರ 18 ಲಕ್ಷ, ಎರಡನೆಯದು 20 ಲಕ್ಷ. ಸಂಘಕ್ಕೆ 2 ಲಕ್ಷ ಉಳಿಯಿತೆಂದು ಬೆನ್ನು ತಟ್ಟಿಕೊಂಡೆವು. ಮಣ್ಣಿನ ಪರೀಕ್ಷೆಗೆ ಕೆಲವು ಸಾವಿರ ಖರ್ಚು ಮಾಡಲು ಮನಸ್ಸು ಬರಲಿಲ್ಲ. ಅಗೆದಾಗ ಒಂದು ಮೂಲೆಯಲ್ಲಿ ಹಳೆಯ ಗದ್ದೆಯ ಕೆಸರು ಮಣ್ಣು ಸಿಕ್ಕಿತು. ತಳಪಾಯ ಆಳಕ್ಕೆ ಹೋಯಿತು, ಮಣ್ಣು ತುಂಬಿಸಬೇಕಾಯಿತು. ಕರಾರಿನ ಕೊನೆಯ ಪುಟದಲ್ಲಿ 'ಹೆಚ್ಚುವರಿ ಕೆಲಸಕ್ಕೆ ಅಂದಿನ ಮಾರುಕಟ್ಟೆ ದರ' ಎಂಬ ಒಂದು ಸಾಲಿತ್ತು. ಯಾವ ಮಾರುಕಟ್ಟೆ, ಯಾರು ಹೇಳಿದ ದರ? ಅದನ್ನು ಬರೆದಿರಲಿಲ್ಲ. ಕೊನೆಯ ಬಿಲ್ಲು 25 ಲಕ್ಷದ 40 ಸಾವಿರ. ಗುತ್ತಿಗೆದಾರ ಮೋಸ ಮಾಡಿದನೆಂದು ನಾವು ಹೇಳಲಾರೆವು. ಅವನು ನಮ್ಮ ಕಾಗದದಲ್ಲಿ ಇದ್ದುದನ್ನೇ ಕೇಳಿದ. ಆ ಕಾಗದಕ್ಕೆ ರುಜು ಹಾಕಿದ್ದು ನಾವೇ.

ಈಗ ನಮ್ಮ ಮುಂದಿರುವುದು

ಹುಣಸಮಾರನಹಳ್ಳಿಯಲ್ಲಿ ಕಾಫಿ ಹುರಿದು, ಪುಡಿಮಾಡಿ, ಪೊಟ್ಟಣ ಕಟ್ಟುವ ಘಟಕವನ್ನು ಸ್ಥಾಪಿಸುವ ಪ್ರಸ್ತಾಪ ಸದಸ್ಯರಿಗೆ ತಿಳಿದಿದೆ. ಯಂತ್ರಗಳನ್ನು ಹೊರಗಿನ ಕಂಪೆನಿಯೊಂದು ಒದಗಿಸಿ, ಹತ್ತು ವರ್ಷ ಅದೇ ನಿರ್ವಹಿಸುತ್ತದೆ. ಮಾರ್ಚ್ 31ರೊಳಗೆ ಕಾರ್ಯಾದೇಶ ಕೊಟ್ಟರೆ 40 ಲಕ್ಷ ರೂಪಾಯಿ ಸರ್ಕಾರದ ಅನುದಾನ ದೊರೆಯುತ್ತದೆ. ತಡವಾದರೆ ಹಣ ವಾಪಸು ಹೋಗುವ ಸಂಭವವಿದೆ. ಆದುದರಿಂದ ಬೇಗ ರುಜು ಹಾಕೋಣ, ವಿವರಗಳನ್ನು ಆಮೇಲೆ ನೋಡೋಣ ಎಂದು ಆಡಳಿತ ಮಂಡಳಿಯ ಕೆಲವು ಹಿರಿಯರ ಅಭಿಪ್ರಾಯ. ಅವರ ಕಳಕಳಿಯ ಬಗ್ಗೆ ನಮಗೆ ಗೌರವವಿದೆ. ಘಟಕ ಬೇಕೆಂಬುದರಲ್ಲಿಯೂ ಭಿನ್ನಾಭಿಪ್ರಾಯವಿಲ್ಲ. ನಮ್ಮ ಬೀಜ ಯಾರದೋ ಹೆಸರಿನ ಪೊಟ್ಟಣದಲ್ಲಿ ಹೋಗುವುದನ್ನು ಎಷ್ಟು ಕಾಲ ನೋಡುತ್ತಾ ಕುಳಿತಿರುವುದು?

ಆದರೆ ಕಂಪೆನಿ ಕೊಟ್ಟ ಕರಡನ್ನು ನಾವು ಮೂರು ಸಲ ಓದಿದೆವು. ನಿರ್ವಹಣೆಯ ಶುಲ್ಕ ಮೊದಲ ವರ್ಷ 6 ಲಕ್ಷ, ಅನಂತರ ಪ್ರತಿವರ್ಷ ಶೇ. 8 ಏರಿಕೆ. ಕೇಳಲು ಹಗುರ. ಲೆಕ್ಕ ಹಾಕಿದರೆ ಹತ್ತನೆಯ ವರ್ಷಕ್ಕೆ ಅದು 12 ಲಕ್ಷಕ್ಕೆ ಮುಟ್ಟುತ್ತದೆ. ಹತ್ತು ವರ್ಷದ ಒಟ್ಟು ಸುಮಾರು 87 ಲಕ್ಷ. ಅದೇ ಏರಿಕೆ ಶೇ. 4 ಆದರೆ ಒಟ್ಟು ಸುಮಾರು 72 ಲಕ್ಷ. ಒಂದೇ ಒಂದು ಅಂಕಿಯಲ್ಲಿ 15 ಲಕ್ಷ ಅಡಗಿ ಕುಳಿತಿದೆ. ಬಿಡಿಭಾಗಗಳನ್ನು ಅವರಿಂದಲೇ, ಅವರು ಹೇಳಿದ ಬೆಲೆಗೇ ಕೊಳ್ಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹತ್ತು ವರ್ಷ ಸಂಘವು ಬೇರೆಲ್ಲಿಯೂ ಪುಡಿ ಮಾಡಿಸುವಂತಿಲ್ಲ. ಅಂದರೆ ಯಂತ್ರ ಕೆಟ್ಟು ನಿಂತರೂ, ದರ ಹೆಚ್ಚಾದರೂ, ನೆರೆಯ ಸಂಘದ ಗಿರಣಿಗೆ ಒಂದು ಚೀಲ ಬೀಜ ಕಳಿಸುವಂತಿಲ್ಲ. 150 ಕಿಲೋಮೀಟರಿನ ಷರತ್ತು ನಮ್ಮ ಅಂಗಳಕ್ಕೂ ಬಂದಿದೆ.

ಆದಕಾರಣ ಕೆಳಗಿನ ಮಾತುಗಳನ್ನು ಸಭೆಯು ಕರಾರಿಗೆ ಮೊದಲ ಶರತ್ತಾಗಿ ವಿಧಿಸಬೇಕೆಂದು ನಾವು ಕೋರುತ್ತೇವೆ.

ಮೊದಲನೆಯದು, ಕಂಪೆನಿಯ ಅಂದಾಜನ್ನು ನೋಡುವ ಮೊದಲು ಸಂಘವು ತನ್ನದೇ ಅಂದಾಜನ್ನು ಬೇರೆ ಎಂಜಿನಿಯರರಿಂದ ತಯಾರಿಸಿ ಲಕೋಟೆಯಲ್ಲಿ ಮುಚ್ಚಿಡಬೇಕು. ಎರಡನೆಯದು, ಹೋಲಿಕೆಯನ್ನು ಯಂತ್ರದ ಬೆಲೆಯ ಮೇಲೆ ಮಾಡದೆ, ಹತ್ತು ವರ್ಷದ ಒಟ್ಟು ಖರ್ಚಿನ ಮೇಲೆ ಮಾಡಬೇಕು. ಶುಲ್ಕದ ಏರಿಕೆಗೆ ಒಂದು ಮಿತಿ ಇರಬೇಕು. ಮೂರನೆಯದು, ಹೆಚ್ಚುವರಿ ಕೆಲಸದ ದರಪಟ್ಟಿ ಕರಾರಿನ ಜೊತೆಗೇ ಲಗತ್ತಾಗಬೇಕು. ಒಟ್ಟು ಮೊತ್ತದ ಹತ್ತನೆಯ ಒಂದು ಪಾಲು ಮೀರುವ ಯಾವುದೇ ಬದಲಾವಣೆ ಸಭೆಯ ಮುಂದೆ ಬರಬೇಕು. ನಾಲ್ಕನೆಯದು, ಬೇರೆಡೆ ಪುಡಿ ಮಾಡಿಸಬಾರದೆಂಬ ಷರತ್ತನ್ನು ತೆಗೆಯಬೇಕು. ಐದನೆಯದು, ಮಾತುಕತೆಗೆ ಮೂವರಿಗೆ ಕಡಿಮೆಯಿಲ್ಲದೆ ಹೋಗಬೇಕು. ಏನು ಮಾತಾಯಿತೆಂದು ಆ ದಿನವೇ ಬರೆದು ಎಲ್ಲರೂ ರುಜು ಮಾಡಬೇಕು. ನಾವು ನಿವೃತ್ತರಾದ ಮೇಲೆ ಬರುವ ಕಾರ್ಯದರ್ಶಿಗೆ ಆ ಪುಸ್ತಕವೇ ತಲೆ.

ಇಷ್ಟು ನಿಷ್ಠುರ ಮಾಡಿದರೆ ಯಾವ ಕಂಪೆನಿ ಬಂದೀತು ಎಂಬ ಪ್ರಶ್ನೆ ಸಹಜ. ಬರುವವನಿಗೂ ಹೊಟ್ಟೆಯಿದೆ, ಅವನಿಗೂ ಲಾಭ ಬೇಕು ಎಂಬುದನ್ನು ನಾವು ಮರೆತಿಲ್ಲ. ಲಾಭವೇ ಇಲ್ಲದ ದರಕ್ಕೆ ಒಪ್ಪಿಸಿದರೆ ಅವನು ಸಿಮೆಂಟಿನಲ್ಲೋ ಕಬ್ಬಿಣದಲ್ಲೋ ಅದನ್ನು ಹುಡುಕಿಕೊಳ್ಳುತ್ತಾನೆ. ಅನುಮಾನದ ಹೆಸರಿನಲ್ಲಿ ಕಡತವನ್ನು ವರ್ಷಗಟ್ಟಲೆ ಅಲೆಸುವುದೂ ಸಲ್ಲದು. 1998ರಲ್ಲಿ ವಿಮಾನ ನಿಲ್ದಾಣದ ಮೊದಲ ಕೂಟ ಹೋದದ್ದು ಕಟ್ಟುನಿಟ್ಟಿನ ಷರತ್ತಿಗೆ ಹೆದರಿ ಅಲ್ಲ, ವಿಳಂಬಕ್ಕೆ ಬೇಸತ್ತು. ಆದ್ದರಿಂದ ನಮ್ಮ ಕೆಲಸಕ್ಕೆ ನಾವೇ 60 ದಿನಗಳ ಗಡುವು ಹಾಕಿಕೊಳ್ಳೋಣ. ಸ್ಪಷ್ಟವಾದ ಷರತ್ತು ಪ್ರಾಮಾಣಿಕನಾದ ಗುತ್ತಿಗೆದಾರನಿಗೂ ಅನುಕೂಲವೇ. ಏನು ಮಾಡಬೇಕು, ಎಷ್ಟು ಬರುತ್ತದೆ ಎಂದು ಅವನಿಗೂ ತಿಳಿದಿರುತ್ತದೆ.

ಆ 60 ದಿನದಲ್ಲಿ ಮಾರ್ಚ್ 31 ದಾಟಿಹೋದರೆ? ದಾಟಲಿ. ಅನುದಾನಕ್ಕೆ ಮುಂದಿನ ವರ್ಷ ಮತ್ತೆ ಅರ್ಜಿ ಹಾಕೋಣ. ಬಾರದಿದ್ದರೆ ಚಿಕ್ಕ ಯಂತ್ರದಿಂದ ಆರಂಭಿಸೋಣ. ಬಿಟ್ಟಿ ಬಂದ 40 ಲಕ್ಷಕ್ಕಾಗಿ ಹತ್ತು ವರ್ಷದ ಸ್ವಾತಂತ್ರ್ಯವನ್ನು ಬರೆದುಕೊಡುವುದು ಲಾಭದ ವ್ಯಾಪಾರವೆಂದು ನಮಗೆ ತೋರುವುದಿಲ್ಲ. ಈ ಮಾತು ಹೇಳಿದ್ದಕ್ಕೆ ಮುಂದೆ 'ಬಂದ ಹಣ ಕಳೆದವರು' ಎಂಬ ಹೆಸರು ನಮಗೆ ಬಂದರೂ ಬರಲಿ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಅವಸರದ ಒಂದು ರುಜುವಿನಲ್ಲಿ ಹೋದ ಹಣವೂ ಹಾಗೆಯೇ, ಎಷ್ಟು ಸಭೆ ನಡೆಸಿದರೂ ಬಾರದು.

ಬಳ್ಳಾರಿ ರಸ್ತೆಯ ಕರಾರುಗಳ ಕಾಲದಲ್ಲಿ ಪ್ರಶ್ನೆ ಕೇಳಲು ನಮಗೆ ಮೇಜಿನ ಬಳಿ ಜಾಗವಿರಲಿಲ್ಲ. ನಮ್ಮ ಸಂಘದ ಮೇಜಿನ ಬಳಿ ಪ್ರತಿಯೊಬ್ಬ ಷೇರುದಾರನಿಗೂ ಜಾಗವಿದೆ. ಕರಡು ಕರಾರಿನ ಪ್ರತಿಯನ್ನು ಕಚೇರಿಯಲ್ಲಿ ಇಟ್ಟಿದ್ದೇವೆ. ಕೆಲಸದ ದಿನಗಳಲ್ಲಿ ಯಾವ ಸದಸ್ಯರು ಬೇಕಾದರೂ ಬಂದು ಓದಬಹುದು. ಓದಿ, ಪೆನ್ಸಿಲಿನಲ್ಲಿ ಗುರುತು ಹಾಕಿ, ಸಭೆಗೆ ಬಂದು ಕೇಳಬೇಕೆಂದು ವಿನಂತಿ. ರುಜು ಹಾಕುವುದು ಆಮೇಲೆ.

— ಕಾರ್ಯದರ್ಶಿ